ಆರು ನಲವತ್ತರ ಸೀಟಿ

ಬೆಳಗಿನ ಜಾವ ನಾಲ್ಕು ಐವತ್ತೆಂಟು. ಬಸ್ಸುಗಳು ನಿಲ್ದಾಣದಿಂದ ಹೊರಗೆ ಹೋಗುವ ಗೇಟಿನ ಪಕ್ಕದಲ್ಲಿ ತಗಡಿನ ಒಂದು ಗೂಡಿದೆ. ಒಳಗೆ ಒಂದು ಸ್ಟೂಲು, ಒಂದು ಟ್ಯೂಬ್‌ಲೈಟು, ಯಾರೂ ಹೊತ್ತೊಯ್ಯದಂತೆ ದಾರ ಕಟ್ಟಿದ ಪೆನ್ನು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ದಪ್ಪದ ರಿಜಿಸ್ಟರು. ಗೂಡಿನ ಮುಂದೆ ತಮ್ಮ ಅಳತೆಗಿಂತ ಎರಡು ಸೈಜು ದೊಡ್ಡದಾದ ಖಾಕಿ ಕೋಟು ತೊಟ್ಟು, ಹಲ್ಲಿನ ನಡುವೆ ಸೀಟಿ ಕಚ್ಚಿಕೊಂಡು ನಿಂತಿದ್ದಾರೆ ಟೈಮಕ್ಕ. ಐದಕ್ಕೆ ದಿನದ ಮೊದಲ ಬಸ್ಸು. ಇಂಜಿನ್ ಚಾಲೂ ಮಾಡಿದ ಡ್ರೈವರು ಅವರ ಮುಖವನ್ನೇ ನೋಡುತ್ತಿದ್ದಾನೆ. ಅವರು ಗಡಿಯಾರ ನೋಡುತ್ತಿಲ್ಲ, ನೆಲ ನೋಡುತ್ತಿದ್ದಾರೆ. ಒಮ್ಮೆ ಉಸಿರು ಎಳೆದುಕೊಂಡು ಊದುತ್ತಾರೆ. ನಾನು ಮೊಬೈಲ್ ತೆಗೆದು ನೋಡುತ್ತೇನೆ. ಐದು ಗಂಟೆ, ಸೊನ್ನೆ ಸೆಕೆಂಡು.

ಬಸ್ಸು ಗೇಟು ದಾಟಿದ ಮೇಲೆ ಗೂಡಿನೊಳಗೆ ಹೋಗಿ ರಿಜಿಸ್ಟರಿನಲ್ಲಿ ಹೊತ್ತು ಬರೆಯುತ್ತಾರೆ. ಮತ್ತೆ ಹೊರಗೆ ಬರುತ್ತಾರೆ. ಮತ್ತೆ ಸೀಟಿ. ಮಧ್ಯಾಹ್ನ ಹನ್ನೆರಡೂವರೆಯ ತನಕ ಇದೇ ಕೆಲಸ. ಒಂದು ಪಾಳಿಗೆ ಇನ್ನೂರ ಹನ್ನೆರಡು ಬಸ್ಸು, ಇನ್ನೂರ ಹನ್ನೆರಡು ಸೀಟಿ, ಇನ್ನೂರ ಹನ್ನೆರಡು ಸಾಲು. ಈ ಗೇಟಿನಲ್ಲಿ ಅವರಿಗಿದು ಹತ್ತೊಂಬತ್ತನೇ ವರ್ಷ. ವಯಸ್ಸು ಐವತ್ತೊಂಬತ್ತು. ಇನ್ನೆಂಟು ತಿಂಗಳಿಗೆ ನಿವೃತ್ತಿ.

ನಾನು ಇವರನ್ನು ಹುಡುಕಿಕೊಂಡು ಬಂದದ್ದಕ್ಕೆ ಬೇರೆಯದೇ ಕಾರಣವಿತ್ತು. ಗುರುವಾರ ಸಂಜೆ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದೊಂದು ಭಾಷಣ ಕೂಟ ಸೇರುತ್ತದೆ. ನಾಲ್ಕು ಜನರ ಮುಂದೆ ನಿಂತರೆ ಕಾಲು ನಡುಗುವವರು, ಒಮ್ಮೆ ಮೈಕು ಸಿಕ್ಕಿದರೆ ಬಿಡದೆ ಕೊರೆಯುವವರು, ಇಬ್ಬರಿಗೂ ಅಲ್ಲಿ ಜಾಗವಿದೆ. ನಾನು ಎರಡನೇ ಜಾತಿಯವನು. ಅಲ್ಲಿಯೂ ಹೊತ್ತು ಕಾಯುವವರು ಈ ಟೈಮಕ್ಕನೇ. ಐದು ನಿಮಿಷಕ್ಕೆ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಕೆಂಪು ಬಂದು ಮೂವತ್ತು ಸೆಕೆಂಡಾದರೂ ಬಾಯಿ ಮುಚ್ಚದಿದ್ದರೆ ಅವರು ಕಾರ್ಡು ಕೆಳಗಿಟ್ಟು ಚಪ್ಪಾಳೆ ಶುರು ಮಾಡುತ್ತಾರೆ, ಸಭೆಯೆಲ್ಲ ಸೇರಿಕೊಳ್ಳುತ್ತದೆ, ಭಾಷಣಕಾರ ಆ ಸದ್ದಿನಲ್ಲಿ ಮುಳುಗಿ ಹೋಗುತ್ತಾನೆ. ನನ್ನನ್ನು ಹೀಗೆ ಆರು ಸಲ ಮುಳುಗಿಸಿದ್ದಾರೆ. ಒಮ್ಮೆಯಂತೂ ನನ್ನ ಅಜ್ಜ ಸಾಯುವ ಘಟ್ಟ ಬಂದಿತ್ತು. ಅಜ್ಜ ಇನ್ನೂ ಉಸಿರಾಡುತ್ತಿರುವಾಗಲೇ ಚಪ್ಪಾಳೆ ಬಿತ್ತು.

ಬೆಳಗ್ಗೆ ಬಸ್ಸಿಗೆ, ಸಂಜೆ ಬಾಯಿಗೆ ಹೊತ್ತು ಕಾಯುವ ಹೆಂಗಸು. ನಗುನಗುತ್ತ ಓದಿಸಿಕೊಂಡು ಹೋಗುವ ಲೇಖನವಾದೀತು ಎಂದು ಲೆಕ್ಕ ಹಾಕಿಕೊಂಡು, ನಿದ್ದೆಗಣ್ಣಿನಲ್ಲಿ ಗೇಟಿಗೆ ಬಂದು ನಿಂತವನು ನಾನು. ಆದರೆ ಐದೂ ಕಾಲಿಗೆ ಎದುರಿನ ಸಿಮೆಂಟ್ ಬೆಂಚಿಗೆ ಒಬ್ಬ ಮನುಷ್ಯ ಬಂದು ಕುಳಿತ. ಇಸ್ತ್ರಿ ಮಾಡಿದ ಡ್ರೈವರ್ ಸಮವಸ್ತ್ರ, ತೊಡೆಯ ಮೇಲೆ ಊಟದ ಡಬ್ಬಿ. ವಯಸ್ಸು ಮೂವತ್ತೈದು ಇರಬಹುದು. "ನಮಸ್ಕಾರ ಅಕ್ಕ" ಎಂದ. ಟೈಮಕ್ಕ ತಲೆ ಅಲ್ಲಾಡಿಸಿದರೇ ಹೊರತು ಅವನ ಕಡೆ ನೋಡಲಿಲ್ಲ. ಬಸ್ಸುಗಳು ಒಂದಾದ ಮೇಲೊಂದು ಹೋದವು. ಅವನು ಮಾತ್ರ ಯಾವುದನ್ನೂ ಹತ್ತದೆ ಕುಳಿತೇ ಇದ್ದ.

"ಯಾರು ಅವರು?" ಎಂದು ಕೇಳಿದೆ.

"ಆರು ನಲವತ್ತೆರಡರ ಡ್ರೈವರು" ಎಂದರು ಟೈಮಕ್ಕ. "ಮೂರು ವಾರದಿಂದ ಸಸ್ಪೆಂಡು. ಮನೇಲಿ ತಾಯಿಗೆ ಹೇಳಿಲ್ಲ. ದಿನಾ ಡ್ಯೂಟಿಗೆ ಅಂತ ಹೊರಟು ಇಲ್ಲಿ ಬಂದು ಕೂತ್ಕೊಳ್ತಾನೆ. ಮಧ್ಯಾಹ್ನ ಡಬ್ಬಿ ಖಾಲಿ ಮಾಡ್ಕೊಂಡು ಹೋಗ್ತಾನೆ."

ಅಷ್ಟು ಹೇಳಿ ಸೀಟಿ ಕಚ್ಚಿಕೊಂಡರು. ಮುಂದೆ ಕೇಳಲು ದಾರಿಯೇ ಇಲ್ಲ, ಬಾಯಲ್ಲಿ ಸೀಟಿ ಇಟ್ಟುಕೊಂಡವರು ಮಾತಾಡುವುದಿಲ್ಲ.

ಆರೂವರೆಯಿಂದ ಏಳರವರೆಗೆ ಈ ಗೇಟಿನಲ್ಲಿ ನಿಲ್ಲಬೇಕಾದರೆ ಎದೆ ಗಟ್ಟಿ ಇರಬೇಕು. ಆರು ನಿಮಿಷದೊಳಗೆ ನಾಲ್ಕು ಬಸ್ಸು ಹೊರಡುತ್ತವೆ, ಹಿಂದಿನಿಂದ ಮೂರು ಒಳಗೆ ನುಗ್ಗುತ್ತವೆ. ಜನ ಎಲ್ಲಾ ದಿಕ್ಕಿನಿಂದ ಓಡುತ್ತಾರೆ. ಹಾರ್ನು, ಹೊಗೆ, ಕಂಡಕ್ಟರುಗಳ ಕೂಗು. ಟೈಮಕ್ಕ ಇವುಗಳ ನಡುವೆ ಒಂದು ಕೈ ಅಡ್ಡ ಹಿಡಿದು, ಒಂದು ಕೈ ಬೀಸಿ, ಸರಿಯಾಗಿ ಆರು ನಲವತ್ತೆರಡಕ್ಕೆ ಊದುತ್ತಾರೆ. ಬಸ್ಸು ಹೊರಟಾಗ ಬೆಂಚಿನ ಮೇಲಿದ್ದವನ ಬಲಗಾಲು ತಾನಾಗಿಯೇ ಒಂದಿಷ್ಟು ಕೆಳಗೆ ಒತ್ತಿತು. ಅದನ್ನು ನಾನೂ ನೋಡಿದೆ, ಅವರೂ ನೋಡಿದರು.

ಪಾಳಿ ಮುಗಿದ ಮೇಲೆ ನಿಲ್ದಾಣದ ಹಿಂದಿನ ಚಹಾದ ಅಂಗಡಿಯಲ್ಲಿ ಕೂರುತ್ತೇವೆ. ನಾನು ಸಿದ್ಧಮಾಡಿಕೊಂಡು ಬಂದ ಪ್ರಶ್ನೆಗಳನ್ನು ಕೇಳುತ್ತೇನೆ, ಅವರು ಪಟಪಟನೆ ಉತ್ತರ ಕೊಡುತ್ತಾರೆ. ಮೊದಲು ಟಿಕೆಟ್ ಕೌಂಟರಿನಲ್ಲಿದ್ದರು. ಗಂಡ ಔಷಧಿ ಅಂಗಡಿಯಲ್ಲಿ ಕಾಂಪೌಂಡರು. ಒಬ್ಬಳೇ ಮಗಳು, ಬೇರೆ ಊರಿನಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರು. ಮನೆಯಲ್ಲಿ ಎಂಬತ್ತೊಂದು ವರ್ಷದ ಅತ್ತೆ ಇದ್ದಾರೆ. ಕಣ್ಣು ಮಂಜಾದ ಮೇಲೆ ಅವರಿಗೆ ಸೊಸೆಯೇ ಗಡಿಯಾರ, ದಿನಕ್ಕೆ ಇಪ್ಪತ್ತು ಸಲ ಟೈಮೆಷ್ಟೆಂದು ಕೇಳುತ್ತಾರೆ.

ಕೂಟಕ್ಕೆ ಬಂದ ಕತೆಯನ್ನೂ ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದೆ ಮಗಳು ಮಾತು ಕಲಿಯಲೆಂದು ಅಲ್ಲಿಗೆ ಸೇರಿದ್ದಳು. ಇವರು ಜೊತೆಗೆ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಅವತ್ತು ಕೂಟದ ಅಲಾರಂ ಗಡಿಯಾರ ಮಧ್ಯದಲ್ಲೇ ಕೆಟ್ಟು ನಿಂತಿತು. ಎಷ್ಟು ಹೊತ್ತಾಯಿತೆಂದು ಎಲ್ಲರೂ ಮುಖ ಮುಖ ನೋಡುತ್ತಿರುವಾಗ ಹಿಂದಿನಿಂದ "ಎಂಟು ನಿಮಿಷ ಹನ್ನೆರಡು ಸೆಕೆಂಡು" ಎಂದರಂತೆ. ಕೂಟ ಕಟ್ಟಿದ ಹೆಡ್‌ಮಾಸ್ಟರು, ಈಗ ನಿವೃತ್ತರು, ಮೂರೂ ಕಾರ್ಡು ತಂದು ಇವರ ಕೈಗಿಟ್ಟರು. ಆಮೇಲೆ ಮಗಳು ಕಲಿತು ಬಿಟ್ಟುಹೋದಳು, ತಾಯಿ ಉಳಿದರು. ಇಲ್ಲಿಯವರೆಗೆ ಸುಮಾರು ಎರಡು ಸಾವಿರ ಭಾಷಣಕ್ಕೆ ಕಾರ್ಡು ಹಿಡಿದಿದ್ದಾರೆ.

"ಅಷ್ಟರಲ್ಲಿ ಯಾವುದು ಚೆನ್ನಾಗಿತ್ತು ಅಕ್ಕ?"

"ಯಾವುದನ್ನೂ ಕೇಳಿಲ್ಲ ನಾನು" ಎನ್ನುತ್ತಾರೆ. "ಕೇಳೋಕೆ ಹೋದ್ರೆ ಟೈಮ್ ತಪ್ಪತ್ತೆ. ನೀವು ಕಳೆದ ಸಲ ಏನ್ ಮಾತಾಡಿದ್ರೋ ನಂಗೊತ್ತಿಲ್ಲ. ಏಳು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು ಮಾತಾಡಿದ್ರಿ. ಒಂದು ಸೆಕೆಂಡಲ್ಲಿ ಬಚಾವಾದ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿ, "ಪೆನ್ನು ಸ್ವಲ್ಪ ಕೆಳಗಿಡಿ" ಎಂದರು. ಇಟ್ಟೆ.

ಮೂರು ವಾರದ ಹಿಂದಿನ ಸೋಮವಾರ. ಆರು ಮೂವತ್ತೊಂಬತ್ತು. ನಾಲ್ಕೂ ಬಸ್ಸುಗಳು ಸಾಲಾಗಿ ನಿಂತಿವೆ. ಗೇಟಿನ ಹೊರಗೆ ರೋಗಿಯನ್ನು ಹೊತ್ತ ಆಂಬುಲೆನ್ಸು ದಾರಿ ಸಿಗದೆ ಕಿರುಚುತ್ತಿದೆ. ರಸ್ತೆಗೆ ಮೂತಿ ಚಾಚಿ ನಿಂತಿರುವ ಆರು ನಲವತ್ತೆರಡರ ಬಸ್ಸು ಆಗಲೇ ತುಂಬಿದೆ, ಅದೊಂದು ಜರುಗಿದರೆ ದಾರಿ ಬಿಡುತ್ತದೆ. ಟೈಮಕ್ಕ ಆರು ನಲವತ್ತಕ್ಕೇ ಊದಿಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಹೊತ್ತಿಗೆ ಮುಂಚೆ ಊದಿದ್ದು ಅದೊಂದೇ ಸಲ. ಬಸ್ಸು ಹೊರಟಿತು. ಅದನ್ನು ದೂರದಿಂದ ಕಂಡು ಓಡಿ ಬಂದವರು ಬೀಗದ ಕೈ ಮಾಡುವ ಒಬ್ಬ ವಯಸ್ಸಾದವರು. ಬಾಗಿಲಿನ ಕಂಬಿ ಹಿಡಿದರು, ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

"ಅವರು ಹತ್ತು ವರ್ಷದಿಂದ ದಿನಾ ಆರು ನಲವತ್ತೊಂದಕ್ಕೆ ಬರ್ತಾರೆ" ಎಂದರು. "ಒಂದು ನಿಮಿಷ ಮುಂಚೆ ಬರಲ್ಲ. ಟೈಮಕ್ಕ ಇದ್ದಾಳಲ್ಲ, ನಲವತ್ತೆರಡಕ್ಕೆ ಮುಂಚೆ ಬಿಡಲ್ಲ ಅನ್ನೋ ಧೈರ್ಯ."

ಇಷ್ಟೇ ಆಗಿದ್ದರೆ ಅವಸರದಲ್ಲಿ ಆದ ತಪ್ಪು ಎನ್ನಬಹುದಿತ್ತು. ಆದರೆ ರಿಜಿಸ್ಟರಿನದು ಬೇರೆ ಕತೆ. ಆರು ನಿಮಿಷಕ್ಕೆ ನಾಲ್ಕು ಬಸ್ಸು ಬಿಡುವಾಗ ಒಳಗೆ ಹೊರಗೆ ಓಡಾಡಲು ಆಗುವುದಿಲ್ಲ. ಹಾಗಾಗಿ ಆ ನಾಲ್ಕರ ಹೊತ್ತನ್ನು ಮಾತ್ರ ಮೊದಲೇ ಬರೆದಿಟ್ಟು, ಬರೆದ ನಿಮಿಷಕ್ಕೆ ಸರಿಯಾಗಿ ಸೀಟಿ ಊದುವುದು ಅವರ ರೂಢಿ. ಏನಾದರೂ ವ್ಯತ್ಯಾಸವಾದರೆ ಕೂಡಲೇ ಹೊಡೆದು ತಿದ್ದುತ್ತಿದ್ದರು. ಅವತ್ತು ಬಿದ್ದವರ ಹತ್ತಿರ ಓಡಿಹೋದರು, ತಿದ್ದಲಿಲ್ಲ. ಅರ್ಧ ಗಂಟೆಯಲ್ಲಿ ಅಧಿಕಾರಿ ಬಂದು ಪುಸ್ತಕ ತೆಗೆದುಕೊಂಡರು. ಪುಸ್ತಕದಲ್ಲಿ ಆರು ನಲವತ್ತೆರಡು. ಎದುರಿನ ಫೋಟೋ ಅಂಗಡಿಯ ಕ್ಯಾಮೆರಾದಲ್ಲಿ ಬಸ್ಸು ಹೊರಟದ್ದು ಆರು ನಲವತ್ತಕ್ಕೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಡ್ರೈವರು ಸೀಟಿಗೆ ಕಾಯದೆ ಹೊರಟಿದ್ದಾನೆ ಎಂಬುದು ಹಗಲಿನಷ್ಟು ಸ್ಪಷ್ಟ. ಸೀಟಿ ಕೇಳಿಸಿತು ಅಂತ ಅವನು ಬಡಕೊಂಡ. ಆ ಗದ್ದಲದಲ್ಲಿ ಮತ್ಯಾರಿಗೂ ಕೇಳಿಸಿರಲಿಲ್ಲ.

"ಇದು ನಿಮ್ಮ ಬರವಣಿಗೆನಾ ಅಂತ ಕೇಳಿದ್ರು. ಹೌದು ಅಂದೆ. ಅದು ನಿಜಾನೇ ಅಲ್ವಾ? ಅಷ್ಟು ಕೇಳಿದ್ರು, ಅಷ್ಟು ಹೇಳ್ದೆ. ಸೈನ್ ಹಾಕ್ದೆ."

ಮೂರು ವಾರದಿಂದ ಮನೆಯ ಹೊರಗೆ ತುಟಿ ಪಿಟಕ್ಕೆಂದಿಲ್ಲ. ಮಗಳು ಫೋನಿನಲ್ಲಿ, "ಅಮ್ಮಾ, ಎಂಟು ತಿಂಗಳು ಸುಮ್ನಿರು, ಆಮೇಲೆ ಯಾರು ಕೇಳ್ತಾರೆ" ಎಂದಿದ್ದಾಳೆ. ಗಂಡ ಏನೂ ಅಂದಿಲ್ಲ. ನಾಳೆ ಹತ್ತು ಗಂಟೆಗೆ ಕೊನೆಯ ವಿಚಾರಣೆ. ಅದರಲ್ಲಿ ಇವರು ಸಾಕ್ಷಿ. ಇವರು ಪುಸ್ತಕದಲ್ಲಿರುವುದನ್ನೇ ಹೇಳಿದರೆ ಅವನ ಕೆಲಸ ಹೋಗುತ್ತದೆ. ಆದದ್ದನ್ನು ಹೇಳಿದರೆ ಇವರ ಕೆಲಸಕ್ಕೂ ಪಿಂಚಣಿಗೂ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ, ಹತ್ತೊಂಬತ್ತು ವರ್ಷದ ಹೆಸರಂತೂ ಮಣ್ಣುಪಾಲು.

"ಅತ್ತೆ ಟೈಮೆಷ್ಟು ಅಂತ ಕೇಳಿದ್ರೆ ಹೇಳೋಕೆ ನಾಲಿಗೆ ಏಳ್ತಿಲ್ಲ ಕಣ್ರೀ" ಎಂದರು. ನನ್ನ ತಮಾಷೆಯ ಲೇಖನ ಅಲ್ಲಿಗೇ ಸತ್ತುಹೋಯಿತು.

"ನಾಳೆ ಹೇಳ್ಬೇಕು ಅಂತಿದೀನಿ. ಆದ್ರೆ ಆಫೀಸರ ಮುಂದೆ ನಿಂತ್ರೆ ಮತ್ತೆ ಕೇಳಿದ್ದಕ್ಕಷ್ಟೇ ಹೌದು ಅಂದು ಬಂದ್ಬಿಡ್ತೀನಿ. ಅದಕ್ಕೇ ಇವತ್ತು ಕೂಟದಲ್ಲಿ ಒಂದ್ಸಲ ಹೇಳಿ ನೋಡ್ತೀನಿ. ಮೇಷ್ಟ್ರ ಹತ್ರ ಹೆಸರು ಬರೆಸಿದೀನಿ. ಅವನಿಗೂ ಬಾ ಅಂದಿದೀನಿ, ಯಾಕೆ ಅಂತ ಹೇಳಿಲ್ಲ." ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ನೀವು ಬರೀರಿ, ಬೇಡ ಅನ್ನಲ್ಲ. ನಾಳೆ ಹತ್ತು ಗಂಟೆ ಆದ್ಮೇಲೆ ಬರೀರಿ."

ಸಂಜೆ ಆರು. ಮೆಟ್ಟಿಲು ಹತ್ತುವಾಗ ಕೆಳಗಿನ ಅಂಗಡಿಯಿಂದ ಯಂತ್ರದ ಎಣ್ಣೆಯ ವಾಸನೆ. ಮೇಲೆ ಮೂವತ್ತೆರಡು ಕುರ್ಚಿ, ಅದರಲ್ಲಿ ಮೂರರ ಕಾಲು ಕುಂಟು. ಮುಂದೆ ಒಂದು ಮರದ ಪೀಠ, ನೀರಿನ ಜಗ್ಗು. ಗೋಡೆಗೆ ಕಾರ್ಯಕ್ರಮದ ಹಾಳೆ ಅಂಟಿಸಿದ್ದಾರೆ. ಮೂರನೇ ಭಾಷಣಕಾರರ ಜಾಗದಲ್ಲಿ "ಟೈಮಕ್ಕ" ಎಂದಿದೆ. ಬಂದವರೆಲ್ಲ ಅದನ್ನು ಎರಡೆರಡು ಸಲ ಓದುತ್ತಿದ್ದಾರೆ.

"ಇವತ್ತು ಸೇಡು ತೀರಿಸ್ಕೊಳ್ಳೋ ದಿನ!" ಎಂದು ಕೈ ಉಜ್ಜುತ್ತಾರೆ ವಿಮಾ ಏಜೆಂಟರು. ಟೈಮಕ್ಕ ಮಾತಾಡುವಾಗ ಕಾರ್ಡು ಹಿಡಿಯುವ ಕೆಲಸ ಅವರಿಗೆ ಬಿದ್ದಿದೆ. ಅವರನ್ನು ಎಷ್ಟು ಸಲ ಮುಳುಗಿಸಿದ್ದಾರೆಂಬುದಕ್ಕೆ ಲೆಕ್ಕವೇ ಇಲ್ಲ. ಎಲ್ಲರೂ ನಗುತ್ತಾರೆ. ಹಿಂದಿನ ಸಾಲಿನಲ್ಲಿ ಇಸ್ತ್ರಿ ಕೆಡದ ಸಮವಸ್ತ್ರದಲ್ಲಿ ಕುಳಿತ ಡ್ರೈವರು, ಎಲ್ಲಿಗೆ ಬಂದೆನಪ್ಪ ಎಂಬಂತೆ ಆಚೀಚೆ ನೋಡುತ್ತಾನೆ.

ಮೊದಲ ಎರಡು ಭಾಷಣಗಳಲ್ಲಿ ಯಾರು ಏನು ಹೇಳಿದರೋ ನನಗೆ ಒಂದಕ್ಷರ ನೆನಪಿಲ್ಲ. ನಾನು ಟೈಮಕ್ಕನ ಕೈ ನೋಡುತ್ತಿದ್ದೆ. ಹಸಿರು, ಹಳದಿ, ಕೆಂಪು, ಎಲ್ಲ ಸರಿಯಾದ ಹೊತ್ತಿಗೇ ಮೇಲೆದ್ದವು. ಎರಡನೆಯವರು ಕೂತ ಮೇಲೆ ಕಾರ್ಡುಗಳನ್ನು ಏಜೆಂಟರ ಕೈಗೆ ಕೊಟ್ಟು, ಸ್ಟಾಪ್‌ವಾಚನ್ನು ಹೇಗೆ ಒತ್ತಬೇಕೆಂದು ಎರಡು ಸಲ ತೋರಿಸಿ, ಪೀಠದ ಹತ್ತಿರ ಹೋಗುತ್ತಾರೆ. ಕೋಟಿಲ್ಲದೆ ಅವರು ಇಷ್ಟು ಸಣ್ಣವರೆಂದು ನನಗೆ ಗೊತ್ತಿರಲಿಲ್ಲ.

"ಎಲ್ಲರಿಗೂ ನಮಸ್ಕಾರ. ನಾನು ಗೇಟಲ್ಲಿ ಕೆಲಸ ಮಾಡೋಳು. ಸೀಟಿ ಊದೋದು ನನ್ನ ಕೆಲಸ. ಮೊದಲ ದಿನ ಊದಿದ್ರೆ ಸೌಂಡೇ ಬರಲಿಲ್ಲ. ಬರೀ ಗಾಳಿ. ಡ್ರೈವರು ಏನಕ್ಕ, ಬಸ್ಸಿಗೆ ಸೆಖೆ ಅಂತ ಗಾಳಿ ಹಾಕ್ತಿದೀರಾ ಅಂದ."

ಸಭೆ ಗೊಳ್ಳೆಂದಿತು. ಅವರಿಗೆ ಧೈರ್ಯ ಬಂತು. ನಿಲ್ದಾಣದಲ್ಲಿ ಎಷ್ಟು ಅಂಕಣ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಓಡಿ ಬರುವವರಲ್ಲಿ ಎಷ್ಟು ಬಗೆ. ಕೈ ಬೀಸುತ್ತ ಬರುವವರು, ಹೆಸರು ಹಿಡಿದು ಬೈಯುತ್ತ ಬರುವವರು, ಓಡುವುದು ನಾಚಿಕೆಯೆಂದು ಜೋರಾಗಿ ನಡೆಯುವವರು. ಚೆನ್ನಾಗಿ ಹೇಳುತ್ತಿದ್ದಾರೆ, ಜನ ನಗುತ್ತಿದ್ದಾರೆ. ಅವರು ಹೇಳಬೇಕಾದ್ದು ಇದಲ್ಲವೆಂದು ಗೊತ್ತಿರುವವನು ಆ ಕೋಣೆಯಲ್ಲಿ ನಾನೊಬ್ಬನೇ.

"ಆರು ನಲವತ್ತೆರಡಕ್ಕೆ ಒಂದು ಬಸ್ಸಿದೆ" ಎಂದರು. ನಿಂತರು. ಡ್ರೈವರು ತಲೆ ಎತ್ತಿದ. "ಆ ಬಸ್ಸಿನ ಬಾಗಿಲು... ಬಾಗಿಲಿಗೆ ಎರಡು ಕಂಬಿ ಇರತ್ತೆ. ಹಿಂದೆ ಒಂದೇ ಇತ್ತು. ಆಮೇಲೆ ಎರಡು ಮಾಡಿದ್ರು."

ಹಸಿರು ಮೇಲೆದ್ದಿತು. ಐದು ನಿಮಿಷ.

"ಒಂದಿನ ಗೇಟ್ ಹೊರಗೆ ಆಂಬುಲೆನ್ಸ್ ನಿಂತಿತ್ತು. ಒಳಗೆ ಪೇಷೆಂಟು. ಯಾರ ಮನೆಯವರೋ ಏನೋ. ಅದಕ್ಕೆ ದಾರಿ ಬಿಡ್ಬೇಕು ಅಲ್ವಾ? ಯಾರಾದ್ರೂ ಬಿಡ್ತಾರೆ." ಜಗ್ಗಿನಿಂದ ನೀರು ಬಗ್ಗಿಸಿಕೊಂಡರು. ಲೋಟ ತುಂಬಿ ಚೆಲ್ಲಿತು, ಅಂಗೈಯಿಂದ ಒರೆಸಿದರು. ಈಗ ಯಾರೂ ನಗುತ್ತಿಲ್ಲ. ಮೂರು ವಾರದ ಹಿಂದೆ ನಡೆದದ್ದು ಊರಿಗೆಲ್ಲ ಗೊತ್ತಿರುವ ವಿಷಯ, ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ನೆಟ್ಟಗಾದರು.

ಹಳದಿ.

"ಬಸ್ಸು ತುಂಬಿತ್ತು. ಸೀಟೆಲ್ಲ ತುಂಬಿತ್ತು. ನಾನು ಅಂದ್ಕೊಂಡೆ... ನಾನು ಏನಂದ್ಕೊಂಡೆ ಅಂದ್ರೆ..."

ಹಿಂದಿನ ಸಾಲಿನಿಂದ ಊಟದ ಡಬ್ಬಿ ನೆಲಕ್ಕೆ ತಾಗಿದ ಸದ್ದು. ಏಜೆಂಟರ ಮುಖದಲ್ಲಿದ್ದ ತುಂಟತನವೆಲ್ಲ ಇಳಿದುಹೋಗಿದೆ. ಕೆಂಪು ಕಾರ್ಡನ್ನು ತೊಡೆಯ ಮೇಲೆ ಹಿಡಿದುಕೊಂಡು, ಎತ್ತಲೋ ಬೇಡವೋ ಎಂದು ಹೆಡ್‌ಮಾಸ್ಟರರ ಕಡೆ ನೋಡುತ್ತಾರೆ. ಮಾಸ್ಟರು ಎತ್ತಿ ಎಂದು ಕಣ್ಣಿನಲ್ಲೇ ಹೇಳುತ್ತಾರೆ. ಕೆಂಪು ಮೇಲೆದ್ದಿತು.

ಹನ್ನೊಂದು ವರ್ಷ ತಾವೇ ಎತ್ತಿದ ಕಾರ್ಡನ್ನು ಅವರು ಮೊದಲ ಸಲ ಎದುರಿನಿಂದ ನೋಡುತ್ತಿದ್ದರು. ತುಟಿ ಅಲುಗಿತು, ಶಬ್ದ ಬರಲಿಲ್ಲ. ಹತ್ತು ಸೆಕೆಂಡು. ಇಪ್ಪತ್ತು. ಹೇಳಿಬಿಡಿ ಅಕ್ಕಾ, ಹೇಳಿಬಿಡಿ ಎಂದು ನನ್ನೊಳಗೆ ಕೂಗುತ್ತಿದ್ದೇನೆ. ಮೂವತ್ತಾಯಿತು. ಚಪ್ಪಾಳೆ ತಟ್ಟಲು ಯಾರ ಕೈಯೂ ಏಳಲಿಲ್ಲ. ಏಜೆಂಟರು ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದರು.

ಆಗ ಟೈಮಕ್ಕ ಪೀಠದ ಹಿಂದೆ ನಿಂತು ತಮ್ಮ ಎರಡು ಕೈ ಎತ್ತಿ, ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಮೂರೇ ಸಲ. "ಏಳೂವರೆ ನಿಮಿಷ ಆಯ್ತು" ಎಂದು ಬಂದು ಕೂತರು.

ಅವರನ್ನು ಆ ಗಳಿಗೆಯಲ್ಲಿ ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಜೀವಮಾನವೆಲ್ಲ ಹೊತ್ತು ಕಾದ ಹೆಂಗಸು ಹೊತ್ತಿನ ಹಿಂದೆಯೇ ಅವಿತುಕೊಂಡಿದ್ದರು.

ಪ್ರತಿ ಭಾಷಣದ ನಂತರ ಹೆಡ್‌ಮಾಸ್ಟರು ಎದ್ದು ಎರಡು ಮೆಚ್ಚುಗೆ, ಒಂದು ಸಲಹೆ ಹೇಳುವುದು ಕೂಟದ ಪದ್ಧತಿ. ಮೆಚ್ಚುಗೆ ಎರಡಕ್ಕಿಂತ ಹೆಚ್ಚಾಗಬಾರದು, ಸಲಹೆ ಒಂದಕ್ಕಿಂತ ಹೆಚ್ಚಾಗಬಾರದು. ಎಪ್ಪತ್ತಾರರ ಮಾಸ್ಟರು ಕೋಲೂರಿ ಎದ್ದರು.

"ಮೊದಲನೇ ಮೆಚ್ಚುಗೆ. ನಿಮ್ಮ ಧ್ವನಿ ಕೊನೇ ಬೆಂಚಿನವರೆಗೂ ಕೇಳಿಸ್ತು ಅಮ್ಮ. ಎರಡನೇದು. ನಿಯಮ ಬೇರೆಯವರಿಗೆ ಹಾಕಿದ ಹಾಗೇ ನಿಮಗೂ ಹಾಕ್ಕೊಂಡ್ರಿ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸಲಹೆ. ಏಳು ನಿಮಿಷದಲ್ಲಿ ನೀವು ಹೇಳಬೇಕು ಅಂತ ಬಂದಿದ್ದನ್ನ ಹೇಳಲೇ ಇಲ್ಲ. ಅದೇನು ಅಂತ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಅದನ್ನ ಕೊನೆಗೆ ಇಟ್ಕೋಬೇಡಿ. ಅದೇ ಮೊದಲನೇ ಮಾತಾಗಲಿ. ಆಂಬುಲೆನ್ಸು, ಕಂಬಿ, ಎಲ್ಲಾ ಆಮೇಲೆ."

ಕೂಟದಲ್ಲಿ ಇನ್ನೊಂದು ಪದ್ಧತಿಯೂ ಇದೆ. ಸಲಹೆ ಪಡೆದವರಿಗೆ ಬೇಕೆನಿಸಿದರೆ ಅಲ್ಲೇ ಎದ್ದು ಒಂದು ನಿಮಿಷದಲ್ಲಿ ತಿದ್ದಿ ಹೇಳಬಹುದು. ಅದಕ್ಕೆ ತಿದ್ದುಪಡಿ ನಿಮಿಷ ಎನ್ನುತ್ತೇವೆ. ಮರ್ಯಾದೆ ಹೋದ ಮೇಲೆ ಮತ್ತೆ ಯಾರು ಏಳುತ್ತಾರೆ? ವರ್ಷಕ್ಕೆ ನಾಲ್ಕು ಜನ ಎದ್ದರೆ ಹೆಚ್ಚು. "ಯಾರಾದರೂ...?" ಎಂದು ಮಾಸ್ಟರು ಸುಮ್ಮನೆ ಕೇಳಿದರು, ಯಾರ ಕಡೆಯೂ ನೋಡದೆ.

ಟೈಮಕ್ಕ ಎದ್ದರು. ಪೀಠದವರೆಗೆ ಹೋಗಲಿಲ್ಲ. ಇದ್ದಲ್ಲೇ ಹಿಂದಕ್ಕೆ ತಿರುಗಿ, ಕೊನೆಯ ಸಾಲಿನ ಕಡೆ ಮುಖ ಮಾಡಿ ನಿಂತರು.

"ಅವತ್ತು ಸೀಟಿ ಊದಿದ್ದು ನಾನು, ಆರು ನಲವತ್ತಕ್ಕೆ. ಪುಸ್ತಕದಲ್ಲಿ ನಲವತ್ತೆರಡು ಅಂತ ಮೊದಲೇ ಬರೆದಿಟ್ಟಿದ್ದೆ, ತಿದ್ದಲಿಲ್ಲ. ಬಿದ್ದವರು ನನ್ನ ಟೈಮ್ ನಂಬಿ ಬಂದೋರು. ಡ್ರೈವರದು ಏನೂ ತಪ್ಪಿಲ್ಲ."

ಅಷ್ಟೇ. ಅವರು ಏಜೆಂಟರ ಕಡೆ ತಿರುಗಿ, ರೂಢಿಯ ದನಿಯಲ್ಲಿ ಕೇಳಿದರು, "ಎಷ್ಟಾಯ್ತು?"

ಏಜೆಂಟರು ಕೈಯಲ್ಲಿದ್ದ ಗಡಿಯಾರ ನೋಡಿ ಬೆಪ್ಪಾದರು. "ಒತ್ತಲೇ ಇಲ್ಲ ಅಕ್ಕ. ಕೇಳ್ತಾ ಇದ್ದುಬಿಟ್ಟೆ."

"ಅದಕ್ಕೇ ಹೇಳೋದು ನಾನು, ಕೇಳಿದ್ರೆ ಟೈಮ್ ತಪ್ಪತ್ತೆ ಅಂತ" ಎಂದರು ಟೈಮಕ್ಕ. "ಹದಿನಾರು ಸೆಕೆಂಡು."

ಡ್ರೈವರು ಹಿಂದಿನಿಂದ ಎದ್ದು ಬಂದ. ಕುರ್ಚಿಗಳನ್ನು ಸರಿಸಿ ಜನ ದಾರಿ ಬಿಟ್ಟರು. ಬೈದುಬಿಡುತ್ತಾನೆ ಎಂದು ನನಗೆ ಅನಿಸಿತು. ಬೈದರೂ ತಪ್ಪಿಲ್ಲ, ಮೂರು ವಾರ ತಾಯಿಗೆ ಸುಳ್ಳು ಹೇಳಿದವನು. ಅವರೂ ಅದಕ್ಕೇ ಸಿದ್ಧರಾದಂತೆ ತಲೆ ತಗ್ಗಿಸಿ ನಿಂತಿದ್ದರು. ಅವನು ಎದುರಿಗೆ ನಿಂತು, ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ಹಾಗಾದ್ರೆ ಸೀಟಿ ಊದಿದ್ರಾ ಅಕ್ಕ?" ಎಂದ. "ಎಲ್ಲರೂ ಇಲ್ಲ ಇಲ್ಲ ಅಂದೂ ಅಂದೂ, ನನಗೇ ಅನುಮಾನ ಬಂದುಬಿಟ್ಟಿತ್ತು. ನನ್ನ ಕಿವಿನೇ ಸರಿ ಇಲ್ವೇನೋ, ನಾನೇ ಒಬ್ಬರ ಕೈ ಮುರಿದೆನೇನೋ ಅಂತ."

ಟೈಮಕ್ಕನಿಗೆ ಅಲ್ಲಿಯವರೆಗೆ ಬಾರದ ಅಳು ಆಗ ಬಂತು. "ಇಲ್ಲ ಕಣಪ್ಪ. ನಿನ್ನ ಕಿವಿ ಸರಿಯಾಗಿದೆ. ಊದಿದ್ದೆ" ಎಂದು ಅವನ ತೋಳು ಹಿಡಿದುಕೊಂಡರು. ನಾನು ಕಿಟಕಿಯ ಹೊರಗೆ ನೋಡಿದೆ. ಮಾಸ್ಟರು ಕನ್ನಡಕ ಒರೆಸುವ ನೆಪ ಮಾಡಿದರು. ನಾಲ್ಕನೇ ಭಾಷಣ ಮಾಡಬೇಕಾಗಿದ್ದವರು, ತಮ್ಮದು ಮುಂದಿನ ವಾರಕ್ಕಿರಲಿ ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಕಚೇರಿಯ ಎರಡನೇ ಮಹಡಿಯ ಮೊಗಸಾಲೆಯಲ್ಲಿ ನಾವು ನಾಲ್ವರು. ಟೈಮಕ್ಕ, ಅವರ ಗಂಡ, ಡ್ರೈವರು, ನಾನು. ಗಂಡ ಔಷಧಿ ಅಂಗಡಿಗೆ ಅರ್ಧ ದಿನ ರಜೆ ಹೇಳಿ ಬಂದಿದ್ದಾರೆ. ಹೆಂಡತಿಯ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಬಾಗಿಲ ಮೇಲಿನ ಗಡಿಯಾರ ಹತ್ತು ತೋರಿಸಿದಾಗ ಟೈಮಕ್ಕ, "ಇದು ಎರಡು ನಿಮಿಷ ಮುಂದಿದೆ" ಎಂದರು. ಸಂಜೆ ಕೂಟದಲ್ಲಿ ಹೇಳುವುದು ಬೇರೆ, ಇಲ್ಲಿ ಹೇಳುವುದು ಬೇರೆ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಹೆಸರು ಕೂಗಿದರು. ಎದ್ದರು. ಬಾಗಿಲ ಹತ್ತಿರ ಒಮ್ಮೆ ನಿಂತರು. ಚಪ್ಪಲಿ ಬಿಚ್ಚಬೇಕೋ ಬೇಡವೋ ಎಂದು ಯೋಚಿಸುತ್ತಿದ್ದರಂತೆ. ಒಳಗೆ ಹೋದರು, ಬಾಗಿಲು ಮುಚ್ಚಿತು.

ಐದು ನಿಮಿಷ. ಹತ್ತು. ಡ್ರೈವರು ಉಗುರು ಕಚ್ಚುತ್ತಾನೆ. ಒಳಗಿನಿಂದ ಒಬ್ಬರು ಏರಿಸಿದ ದನಿ ಕೇಳುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ. ಒಬ್ಬ ಗುಮಾಸ್ತರು ಅವಸರದಲ್ಲಿ ಹೊರಗೆ ಬಂದು, ಅವತ್ತು ಒಯ್ದಿದ್ದ ದಪ್ಪ ರಿಜಿಸ್ಟರನ್ನು ಎರಡು ಕೈಯಲ್ಲಿ ಹೊತ್ತುಕೊಂಡು ಒಳಗೆ ಹೋಗುತ್ತಾರೆ. ಇಪ್ಪತ್ತು ನಿಮಿಷ. ಗಂಡ ಕೋಟನ್ನು ಬಿಚ್ಚಿ ಮತ್ತೆ ಮಡಚುತ್ತಾರೆ. ಇಪ್ಪತ್ತಾರನೇ ನಿಮಿಷಕ್ಕೆ ಬಾಗಿಲು ತೆರೆಯಿತು.

ಟೈಮಕ್ಕನ ಮುಖ ಬಿಳಿಚಿತ್ತು, ನಡಿಗೆ ನೆಟ್ಟಗಿತ್ತು. "ಮೊದಲನೇ ಮಾತೇ ಅದನ್ನ ಹೇಳ್ದೆ" ಎಂದರು. "ಆಮೇಲೆ ಅವರೇ ಇಪ್ಪತ್ತೈದು ನಿಮಿಷ ಮಾತಾಡಿದ್ರು. ಯಾರೂ ಅವರಿಗೆ ಕಾರ್ಡ್ ತೋರಿಸ್ಲಿಲ್ಲ."

ಡ್ರೈವರು ಸೋಮವಾರದಿಂದ ಕೆಲಸಕ್ಕೆ ಬರಬಹುದು. ಟೈಮಕ್ಕನಿಗೆ ಕಾರಣ ಕೇಳುವ ನೋಟಿಸು ಬರುತ್ತದೆ. ಗೇಟಿನ ಕೆಲಸ ಇವತ್ತಿಗೇ ಕೊನೆ. ತೀರ್ಮಾನವಾಗುವವರೆಗೆ ಕಳೆದುಹೋದ ಸಾಮಾನುಗಳ ಕೋಣೆಯಲ್ಲಿ ಕೂರಬೇಕು, ಛತ್ರಿ ಚೀಲಗಳ ನಡುವೆ. ಪಿಂಚಣಿಯ ವಿಷಯ ಈಗಲೇ ಹೇಳಲಾಗದು ಎಂದರಂತೆ. ಇದನ್ನೆಲ್ಲ ಬೇರೆ ಯಾರದೋ ಸುದ್ದಿಯಂತೆ ಹೇಳಿ ಮುಗಿಸಿದರು. ಗಂಡ ಮೊದಲ ಸಲ ಬಾಯಿ ಬಿಟ್ಟು, "ಆ ಕೋಣೇಲಿ ಕೋಟ್ ಬೇಕಾಗಲ್ಲ, ಅಲ್ವಾ?" ಎಂದರು. ಇವರು ಸಣ್ಣಗೆ ನಕ್ಕರು. ಡ್ರೈವರು ಡಬ್ಬಿ ಮುಂದೆ ಹಿಡಿದ. "ಇವತ್ತು ಇದನ್ನ ತಗೊಂಡು ಮನೆಗೆ ಹೋಗು" ಎಂದರು ಅವನಿಗೆ. "ಅಮ್ಮನ ಜೊತೆ ಕೂತು ಊಟ ಮಾಡು. ಎಲ್ಲಾ ಹೇಳು."

ಇನ್ನು ಬೀಗದ ಕೈ ಮಾಡುವವರ ಮನೆಗೆ ಹೋಗಬೇಕಂತೆ. ಕೈಗೆ ಪಟ್ಟಿ ಹಾಕಿಕೊಂಡು ಕೂತಿದ್ದಾರೆ, ಅವರಿಗೂ ಎದುರು ನಿಂತು ಹೇಳಬೇಕು. ಮೆಟ್ಟಿಲಿಳಿಯುವಾಗ ನಾನು ಪತ್ರಿಕೆಯವರ ಚಾಳಿ ಬಿಡಲಾರದೆ ಕೇಳಿದೆ, "ಮುಂದೆ ಏನು ಆಸೆ ಅಕ್ಕ?"

"ಆಸೆ ಏನಿಲ್ಲ. ಒಂದಿತ್ತು, ಅದನ್ನ ಒಳಗೇ ಕೇಳ್ಕೊಂಡೆ. ಕೊಟ್ರು." ಬಲಗೈ ಎತ್ತಿ ತೋರಿಸಿದರು. ತೋರುಬೆರಳಿನ ತುದಿಗೆ ಕೆಂಪು ಶಾಯಿ ಹತ್ತಿತ್ತು. "ಆ ಸಾಲು ನಾನೇ ತಿದ್ತೀನಿ ಅಂದೆ. ನಲವತ್ತೆರಡು ಹೊಡೆದು ನಲವತ್ತು ಬರೆದೆ, ಪಕ್ಕದಲ್ಲಿ ಸೈನ್ ಹಾಕ್ದೆ. ಹತ್ತೊಂಬತ್ತು ವರ್ಷ ಬರೆದೆ ನೋಡಿ. ಈಗ ಅದರಲ್ಲಿ ಒಂದೂ ತಪ್ಪಿಲ್ಲ."